ಒಗಟು ಮೊದಲು, ಸೂತ್ರ ಆಮೇಲೆ

ಮಕ್ಕಳ ಪ್ರಗತಿಪತ್ರ ಮನೆಗೆ ಬಂದ ದಿನ ನಮ್ಮೆಲ್ಲರ ಕಣ್ಣು ಮೊದಲು ಹೋಗುವುದು ಗಣಿತದ ಅಂಕಗಳ ಕಡೆಗೆ. ಇತಿಹಾಸದಲ್ಲಿ ಅಂಕ ಕಡಿಮೆ ಬಂದರೆ "ಸರಿಯಾಗಿ ಓದಿಲ್ಲ" ಎನ್ನುತ್ತೇವೆ. ಗಣಿತದಲ್ಲಿ ಕಡಿಮೆ ಬಂದರೆ "ಇವನ ತಲೆಗೆ ಗಣಿತ ಹತ್ತುವುದಿಲ್ಲ" ಎನ್ನುತ್ತೇವೆ. ಈ ಎರಡು ಮಾತುಗಳಿಗಿರುವ ಅಂತರವನ್ನು ವಾಚಕರು ಗಮನಿಸಬೇಕು. ಮೊದಲನೆಯದು ಮಗುವಿನ ಕೆಲಸವನ್ನು ಕುರಿತ ಮಾತು. ಎರಡನೆಯದು ಮಗುವಿನ ತಲೆಯನ್ನೇ ಕುರಿತ ತೀರ್ಪು. ಹತ್ತು ವರ್ಷದ ಮಗು ಈ ತೀರ್ಪನ್ನು ನಾಲ್ಕು ಸಲ ಕೇಳಿದರೆ ಸಾಕು, ಅದನ್ನೇ ನಿಜವೆಂದು ನಂಬಿ ಮುಂದಿನ ತರಗತಿಗಳಿಗೆಲ್ಲ ಹೊತ್ತುಕೊಂಡು ಹೋಗುತ್ತದೆ.

ಇದು ನಮ್ಮ ನಿಮ್ಮ ಮನೆಯ ಮಾತು ಮಾತ್ರವಲ್ಲ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಗಣಿತ ಬೋಧನೆಯನ್ನು ಕುರಿತು ವಿಚಾರ ಮಾಡಿದ ತಜ್ಞರು, ಬಹುಪಾಲು ಮಕ್ಕಳಲ್ಲಿ ಗಣಿತವೆಂದರೆ ಭಯವೂ ಸೋಲಿನ ಭಾವನೆಯೂ ಇರುವುದನ್ನು ಶಾಲಾ ಗಣಿತದ ಮುಖ್ಯ ತೊಡಕುಗಳಲ್ಲಿ ಒಂದೆಂದು ಎತ್ತಿ ಹೇಳಿದ್ದಾರೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಗಣಿತವನ್ನು ಕಲಿಸುವಾಗ ಒಗಟುಗಳನ್ನೂ ಆಟಗಳನ್ನೂ ಕ್ರಮವಾಗಿ ಬಳಸಬೇಕೆಂದು ಸೂಚಿಸಿದೆ. ಸೂಚನೆ ಒಳ್ಳೆಯದೇ. ಆದರೆ ಒಗಟನ್ನು ಪಾಠದಲ್ಲಿ ಎಲ್ಲಿ ಇಡಬೇಕು, ಹೇಗೆ ಬಳಸಬೇಕು ಎಂಬುದರ ಮೇಲೆ ಅದರ ಫಲವೆಲ್ಲ ನಿಂತಿದೆ. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಹೊರನಾಡಿನಲ್ಲಿ ನೆಲೆಸಿರುವ ನಮ್ಮಂಥವರಿಗೆ ಈ ವಿಷಯದಲ್ಲಿ ಇನ್ನೊಂದು ತೊಡಕೂ ಉಂಟು. ತಾಯಿ ಕಲಿತದ್ದು ಭಿನ್ನರಾಶಿ, ಮಗು ಕಲಿಯುತ್ತಿರುವುದು ಫ್ರ್ಯಾಕ್ಷನ್. ತಂದೆ ಬಲ್ಲದ್ದು ಲಸಾಅ, ಮಸಾಅ. ಮಗಳ ಪುಸ್ತಕದಲ್ಲಿರುವುದು ಎಲ್‌ಸಿಎಂ, ಎಚ್‌ಸಿಎಫ್. ಹೆಸರು ಬೇರೆಯಾದ ಮಾತ್ರಕ್ಕೆ ವಿಷಯವೇ ಬೇರೆಯೆಂದು ತಿಳಿದು, "ನಮ್ಮ ಕಾಲದ ಲೆಕ್ಕ ಬೇರೆ, ನಿಮ್ಮದು ಬೇರೆ" ಎಂದು ಹಿರಿಯರು ಹಿಂದೆ ಸರಿಯುತ್ತಾರೆ. ಆಮೇಲೆ ಟ್ಯೂಷನ್ ಹುಡುಕುತ್ತೇವೆ. ಮಗುವಿಗೂ ಮನೆಗೂ ನಡುವೆ ಇದ್ದ ಒಂದು ಸೇತುವೆ ಹೀಗೆ ಸದ್ದಿಲ್ಲದೆ ಮುರಿದುಬೀಳುತ್ತದೆ.

ನಾನು ಗಣಿತದ ಪಂಡಿತನಲ್ಲ. ಕಲಾ ವಿಭಾಗದಲ್ಲಿ ಬಿ.ಎ. ಮಾಡಿ, ಹಗಲೆಲ್ಲ ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕುಳಿತಿರುವ ಗುಮಾಸ್ತ. ಸಂಘದಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಮಕ್ಕಳ ಕನ್ನಡ ತರಗತಿಗೆ ಎರಡು ವರ್ಷಗಳಿಂದ ಕೈಜೋಡಿಸಿದ್ದೇನೆ. ಮಕ್ಕಳಿಗೆ ಕನ್ನಡ ಅಂಕಿಗಳ ಪರಿಚಯ ಮಾಡಿಸಲೆಂದು ಲೆಕ್ಕದ ಒಗಟುಗಳನ್ನು ಹಲಗೆಯ ಮೇಲೆ ಬರೆಯತೊಡಗಿದೆವು. ಅಂಕಿ ಕಲಿಸುವ ನೆಪದಿಂದ ಆರಂಭವಾದದ್ದು ಗಣಿತದ ಪಾಠವಾಗಿಯೇ ಬೆಳೆಯಿತು.

ಮಾವಿನಹಣ್ಣಿನ ರಾಶಿ

ಒಂದು ಭಾನುವಾರ ಮಕ್ಕಳ ಮುಂದೆ ಇಟ್ಟ ಒಗಟು ಇದು:

ಒಂದು ರಾಶಿ ಮಾವಿನಹಣ್ಣು ಇತ್ತು. ಅದರಲ್ಲಿ ಆರರಲ್ಲೊಂದು ಪಾಲನ್ನು ಅರಸ ತೆಗೆದುಕೊಂಡ. ಉಳಿದುದರಲ್ಲಿ ಐದರಲ್ಲೊಂದು ಪಾಲನ್ನು ರಾಣಿ ತೆಗೆದುಕೊಂಡಳು. ಮತ್ತೆ ಉಳಿದುದರಲ್ಲಿ ಕಾಲುಪಾಲು ಹಿರಿಯ ರಾಜಕುಮಾರನಿಗೆ. ಅದರಿಂದ ಉಳಿದುದರಲ್ಲಿ ಮೂರರಲ್ಲೊಂದು ಪಾಲು ಎರಡನೆಯವನಿಗೆ. ಆಮೇಲೆ ಉಳಿದುದರಲ್ಲಿ ಅರ್ಧ ಮೂರನೆಯವನಿಗೆ. ಕೊನೆಗೆ ಉಳಿದ ಮೂರು ಹಣ್ಣುಗಳು ಎಲ್ಲರಿಗಿಂತ ಚಿಕ್ಕ ಮಗುವಿಗೆ. ಹಾಗಾದರೆ ಮೊದಲು ರಾಶಿಯಲ್ಲಿ ಇದ್ದ ಹಣ್ಣುಗಳೆಷ್ಟು?

ಇದನ್ನು ಬಿಡಿಸುವ ಪುಸ್ತಕದ ಕ್ರಮ ಎಲ್ಲರೂ ಬಲ್ಲದ್ದೇ. ಒಂದರಿಂದ ಆರರಲ್ಲೊಂದನ್ನು ಕಳೆ, ಐದರಲ್ಲೊಂದನ್ನು ಕಳೆ, ಹೀಗೆಯೇ ಮುಂದುವರಿದು ಉಳಿಕೆಗಳನ್ನೆಲ್ಲ ಗುಣಿಸು. ಆರರಲ್ಲೊಂದು ಪಾಲು ಉಳಿಯುತ್ತದೆ. ಅದು ಮೂರು ಹಣ್ಣಿಗೆ ಸಮ. ಕ್ರಮದಲ್ಲಿ ದೋಷವೇನೂ ಇಲ್ಲ. ಆದರೆ ಅದನ್ನು ಮೊದಲೇ ಹಲಗೆಯ ಮೇಲೆ ಬರೆದುಬಿಟ್ಟರೆ ಮಕ್ಕಳಿಗೆ ಉಳಿಯುವುದು ನಕಲು ಮಾಡಿಕೊಳ್ಳುವ ಕೆಲಸವೊಂದೇ. ಆದ್ದರಿಂದ ಅಂದು ಏನನ್ನೂ ಬರೆಯದೆ, ಚಾಪೆಯ ಮೇಲೆ ಒಂದು ಬೊಗಸೆ ಹುಣಸೆಬೀಜ ಸುರಿದು ಸುಮ್ಮನೆ ಕುಳಿತೆವು.

ಒಬ್ಬ ಹುಡುಗ ನೂರು ಬೀಜ ಎಣಿಸಿಟ್ಟ. ಆರು ಪಾಲು ಮಾಡಲು ಹೋದರೆ ನಾಲ್ಕು ಬೀಜ ಮಿಕ್ಕಿತು. "ಹಣ್ಣು ಕತ್ತರಿಸಬಹುದೇ?" ಎಂದು ಕೇಳಿದ. ಬೇಡವೆಂದು ಉಳಿದ ಮಕ್ಕಳೇ ಹೇಳಿದರು. ಹಾಗಾದರೆ ಆರರಿಂದ ಭಾಗವಾಗುವ ಸಂಖ್ಯೆಯೇ ಆಗಬೇಕೆಂದು ತಾನಾಗಿಯೇ ಕಂಡುಕೊಂಡು ಅರವತ್ತು ತೆಗೆದುಕೊಂಡ. ಅರಸನಿಗೆ ಹತ್ತು ಹೋಯಿತು, ಉಳಿದದ್ದು ಐವತ್ತು. ರಾಣಿಗೆ ಹತ್ತು, ಉಳಿದದ್ದು ನಲವತ್ತು. ಹಿರಿಯವನಿಗೆ ಹತ್ತು. ಅಷ್ಟರಲ್ಲಿ ಅವನ ಕಣ್ಣು ಅರಳಿತು. "ಎಲ್ಲರಿಗೂ ಹತ್ತು ಹತ್ತೇ ಬರುತ್ತಿದೆ!" ಎಂದು ಕೂಗಿದ. ಅರವತ್ತಿಟ್ಟರೆ ಕೊನೆಯ ಮಗುವಿಗೆ ಹತ್ತು ಉಳಿಯುತ್ತದೆ. ನಮಗೆ ಉಳಿಯಬೇಕಾದದ್ದು ಮೂರು. ಅಲ್ಲಿಂದ ಹದಿನೆಂಟಕ್ಕೆ ಬರಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಗೋಡೆಯ ಪಕ್ಕದಲ್ಲಿ ಕುಳಿತಿದ್ದ ಒಬ್ಬಳು ಹುಡುಗಿ, ಸಾಮಾನ್ಯವಾಗಿ ಬಾಯಿ ಬಿಡದವಳು, ಮೂರೇ ಬೀಜಗಳಿಂದ ಆರಂಭಿಸಿದ್ದಳು. ಮೂರನೆಯ ರಾಜಕುಮಾರ ಅರ್ಧ ತೆಗೆದುಕೊಂಡ ಮೇಲೆ ಮೂರು ಉಳಿದಿದೆ. ಅಂದರೆ ಅವನು ತೆಗೆದುಕೊಂಡದ್ದೂ ಮೂರೇ. ಅವನಿಗಿಂತ ಮುಂಚೆ ಆರು ಇತ್ತು. ಎರಡನೆಯವನು ಮೂರರಲ್ಲೊಂದು ಪಾಲು ತೆಗೆದುಕೊಂಡಾಗ ಎರಡು ಪಾಲು ಉಳಿದು ಅದು ಆರಾಯಿತು. ಅವನ ಪಾಲೂ ಮೂರು. ಹೀಗೆ ಮೂರು ಮೂರು ಬೀಜ ಸೇರಿಸುತ್ತ ಹಿಂದಕ್ಕೆ ನಡೆದು ಅವಳೂ ಹದಿನೆಂಟಕ್ಕೇ ಬಂದಳು. ಒಂದು ಊರಿಗೆ ಎರಡು ದಾರಿ!

ಆಮೇಲೆ ಮಕ್ಕಳಲ್ಲಿ ಜಗಳವೇ ಆಯಿತೆನ್ನಬೇಕು. ಅರಸನಿಗೆ ಆರರಲ್ಲೊಂದು, ಕೊನೆಯ ಕುಮಾರನಿಗೆ ಅರ್ಧ. ಹಾಗಿದ್ದೂ ಇಬ್ಬರಿಗೂ ಮೂರೇ ಹಣ್ಣು ಹೇಗೆ ಬಂತು? ಆರು ಐದಕ್ಕಿಂತ ದೊಡ್ಡದಾದ್ದರಿಂದ ಆರರಲ್ಲೊಂದು ಐದರಲ್ಲೊಂದಕ್ಕಿಂತ ದೊಡ್ಡದೆಂದು ನಂಬುವ ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. ಎಷ್ಟು ಸಲ ತಿದ್ದಿದರೂ ಹೋಗದ ಈ ನಂಬಿಕೆ ಅಂದು ಹುಣಸೆಬೀಜಗಳ ಮುಂದೆ ಕರಗಿತು. ದೊಡ್ಡ ರಾಶಿಯ ಚಿಕ್ಕ ಪಾಲೂ ಚಿಕ್ಕ ರಾಶಿಯ ದೊಡ್ಡ ಪಾಲೂ ಸಮವಾಗಬಹುದು, ಪಾಲು ಎಂದಾಗ "ಯಾವುದರ ಪಾಲು?" ಎಂದು ಕೇಳಬೇಕು. ಭಿನ್ನರಾಶಿಯ ಪಾಠದ ತಿರುಳೇ ಇದಲ್ಲವೆ? ಪುಸ್ತಕದ ಕ್ರಮವನ್ನು ಹಲಗೆಯ ಮೇಲೆ ಬರೆದದ್ದು ಇಷ್ಟೆಲ್ಲ ಆದ ಮೇಲೆ. ಆಗ ಅದು ಮಕ್ಕಳಿಗೆ ಕಟ್ಟಳೆಯಾಗಿ ಕಾಣಲಿಲ್ಲ. ತಾವು ಬೀಜಗಳಿಂದ ಮಾಡಿದ್ದನ್ನೇ ಅಂಕಿಗಳಿಂದ ಚುಟುಕಾಗಿ ಮಾಡುವ ಉಪಾಯವಾಗಿ ಕಂಡಿತು.

ಸಾವಿರ ವರ್ಷಗಳ ಹಿಂದಿನ ಮೇಷ್ಟರು

ಈ ಮಾವಿನಹಣ್ಣಿನ ಲೆಕ್ಕ ನನ್ನದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಇರುವಂಥದು. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ನೃಪತುಂಗನ ಆಸ್ಥಾನದಲ್ಲಿ ಎಂಬುದನ್ನು ನೆನೆದರೆ ಕನ್ನಡಿಗರಾದ ನಮಗೆ ಹೆಮ್ಮೆಯಾಗುವುದು ಸಹಜ. ಗ್ರಂಥ ಸಂಸ್ಕೃತದಲ್ಲಿದ್ದರೂ ಅದರಲ್ಲಿ ಬರುವ ವಸ್ತುಗಳೆಲ್ಲ ದಿನಬಳಕೆಯವು: ಹಣ್ಣು, ಹೂ, ಮುತ್ತು, ಆನೆ, ಒಂಟೆ, ವ್ಯಾಪಾರಿಗಳ ಹಣದ ಚೀಲ. ಒಂದು ಲೆಕ್ಕದಲ್ಲಿ ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿವೆ. ಹದಿನೈದು ಒಂಟೆಗಳು ನದೀತೀರದಲ್ಲಿವೆ. ಒಟ್ಟು ಮೂವತ್ತಾರು. ಇಂದಿನ ಪ್ರೌಢಶಾಲೆಯಲ್ಲಿ ವರ್ಗಸಮೀಕರಣವೆಂದು ಮಕ್ಕಳು ಬೆವರುವ ವಿಷಯವೇ ಒಂಟೆಗಳ ವೇಷದಲ್ಲಿ ಅಲ್ಲಿ ಓಡಾಡುತ್ತಿದೆ.

ಗುಣಾಕಾರವನ್ನು ಹೇಳುವಾಗಲೂ ಆಚಾರ್ಯರು ಉತ್ತರದಲ್ಲಿ ಒಂದು ಅಚ್ಚರಿಯನ್ನು ಅಡಗಿಸಿಡುತ್ತಾರೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧ ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ೧೨೩೪೫೬೭೯ನ್ನು ೯ರಿಂದ ಗುಣಿಸಿ ನೋಡಿ. ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ. ಇಂಥವುಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಇದರಲ್ಲಿರುವ ಜಾಣತನ ಮೇಷ್ಟರಾದವರಿಗೆ ಬೇಗ ತಿಳಿಯುತ್ತದೆ. ಗುಣಾಕಾರ ಸರಿಯಾಗಿದ್ದರೆ ಹಾರ ಮೂಡುತ್ತದೆ. ಒಂದು ಅಂಕಿ ತಪ್ಪಿದರೆ ಹಾರದ ಮಣಿ ಕೆಡುತ್ತದೆ. "ಸಾರ್, ಸರಿಯೇ?" ಎಂದು ಪಾಟಿ ಹಿಡಿದು ಬರುವ ಕೆಲಸವೇ ಇಲ್ಲ. ಮಗು ತನ್ನ ಲೆಕ್ಕವನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ.

ಈ ಗ್ರಂಥ ಒಂದು ನಾಡಿನಲ್ಲಿ ನಿಲ್ಲಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಲೋಕದ ಗಣಿತಜ್ಞರ ಕಣ್ಣಿಗೆ ಬಿದ್ದಿತು. ಹೈದರಾಬಾದು, ಚೆನ್ನೈಗಳಲ್ಲಿರುವ ನಮ್ಮ ಬಂಧುಗಳು ತಮ್ಮ ಊರುಗಳೊಡನೆ ಇದಕ್ಕಿರುವ ನಂಟನ್ನು ಮಕ್ಕಳಿಗೆ ಹೇಳಬಹುದು. ಕನ್ನಡದಲ್ಲಿಯೇ ಬರೆದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಅವನ 'ವ್ಯವಹಾರಗಣಿತ' ನಮ್ಮ ಭಾಷೆಯ ಗಣಿತಗ್ರಂಥಗಳಲ್ಲಿ ಮೊದಲ ಸಾಲಿನದು. ಅದೇ ಶತಮಾನದಲ್ಲಿ, ೧೧೫೦ರಲ್ಲಿ, ಭಾಸ್ಕರಾಚಾರ್ಯರು ರಚಿಸಿದ 'ಲೀಲಾವತಿ'ಯ ಹೆಸರನ್ನು ಕೇಳದವರಿಲ್ಲ. ಒಂದು ಸಂಖ್ಯೆಯನ್ನು ಊಹಿಸಿಟ್ಟುಕೊಂಡು, ಅದರಿಂದ ಬಂದ ಫಲವನ್ನು ನೋಡಿ ನಿಜವಾದ ಉತ್ತರಕ್ಕೆ ಹೋಗುವ ಕ್ರಮಕ್ಕೆ ಅದರಲ್ಲಿ ಇಷ್ಟಕರ್ಮವೆಂದು ಹೆಸರು. ಅರವತ್ತು ಬೀಜ ಇಟ್ಟುಕೊಂಡು ಹದಿನೆಂಟಕ್ಕೆ ಬಂದ ನಮ್ಮ ಹುಡುಗ ಮಾಡಿದ್ದು ಇಷ್ಟಕರ್ಮವನ್ನೇ. ಯಾರೂ ಅವನಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಅಜ್ಜಿಯ ಹಕ್ಕಿಗಳು

ನಮ್ಮ ತರಗತಿಗೆ ಮೊಮ್ಮಗನನ್ನು ಕರೆದುಕೊಂಡು ಬರುವ ಅಜ್ಜಿಯೊಬ್ಬರಿದ್ದಾರೆ. ಧಾರವಾಡದ ಕಡೆಯವರು, ಓದಿದ್ದು ನಾಲ್ಕನೆಯ ಇಯತ್ತೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. ಮಾವಿನಹಣ್ಣಿನ ಲೆಕ್ಕವಾದ ಮುಂದಿನ ವಾರ ಅವರೇ ಮಕ್ಕಳಿಗೆ ಒಂದು ಒಗಟು ಹಾಕಿದರು.

ಹಾರಿಹೋಗುತ್ತಿದ್ದ ಹಕ್ಕಿಗಳ ಗುಂಪನ್ನು ಕಂಡು ಒಂಟಿ ಹಕ್ಕಿಯೊಂದು "ನೂರು ಹಕ್ಕಿಗಳೇ, ಎಲ್ಲಿಗೆ ಹೊರಟಿರಿ?" ಎಂದು ಕೇಳಿತಂತೆ. ಅವು ಹೇಳಿದವು: "ನಾವು ನೂರಲ್ಲ. ನಾವು, ನಮ್ಮಷ್ಟೇ ಮಂದಿ, ನಮ್ಮ ಅರ್ಧ, ನಮ್ಮ ಕಾಲು, ಜೊತೆಗೆ ನೀನೂ ಸೇರಿದರೆ ನೂರು."

ಏಳನೆಯ ತರಗತಿಯ ಹುಡುಗನೊಬ್ಬ ಎಕ್ಸ್ ಎಂದಿಟ್ಟುಕೊಂಡು ಸಮೀಕರಣ ಬರೆಯತೊಡಗಿದ. ಛೇದಗಳ ನಡುವೆ ಸಿಕ್ಕಿಕೊಂಡ. ಅಜ್ಜಿ ನಗುತ್ತ ಹೇಳಿದರು: "ಕಾಲು ಅಂದ್ರ ಒಂದು ಗುಂಪು ಅಂತ ತಿಳಕೋ ತಮ್ಮಾ. ಅರ್ಧ ಅಂದ್ರ ಎರಡು ಗುಂಪು. ನಾವು ಅಂದ್ರ ನಾಲ್ಕು, ನಮ್ಮಷ್ಟು ಮಂದಿ ಅಂದ್ರ ಮತ್ತ ನಾಲ್ಕು. ಎಷ್ಟಾದವು?" ಹನ್ನೊಂದು ಗುಂಪು. ಒಂಟಿ ಹಕ್ಕಿಯನ್ನು ಬಿಟ್ಟರೆ ಹಕ್ಕಿಗಳು ತೊಂಬತ್ತೊಂಬತ್ತು. ಗುಂಪಿಗೆ ಒಂಬತ್ತು, ನಾಲ್ಕು ಗುಂಪಿಗೆ ಮೂವತ್ತಾರು. ಛೇದವೂ ಇಲ್ಲ, ಎಕ್ಸೂ ಇಲ್ಲ.

ಅಜ್ಜಿ ಹೇಳಿದ್ದು ಬೀಜಗಣಿತವೇ. ಗೊತ್ತಿಲ್ಲದ ಒಂದು ಪ್ರಮಾಣಕ್ಕೆ ಹೆಸರಿಟ್ಟು, ಉಳಿದುದನ್ನೆಲ್ಲ ಅದರಿಂದ ಅಳೆಯುವುದು ಬೀಜಗಣಿತದ ಮೊದಲ ಮೆಟ್ಟಿಲು. ಹುಡುಗ ಪೂರ್ತಿಗೆ ಹೆಸರಿಟ್ಟ, ಅಜ್ಜಿ ಕಾಲಿಗೆ ಹೆಸರಿಟ್ಟರು; ವ್ಯತ್ಯಾಸ ಅಷ್ಟೆ. "ನನಗೇನು ಗೊತ್ತು, ನಾನು ನಾಲ್ಕನೇ ಇಯತ್ತೆ" ಎನ್ನುತ್ತಿದ್ದವರನ್ನು ಅಂದಿನಿಂದ ಮೊಮ್ಮಗ ಹೊಸ ಒಗಟಿಗಾಗಿ ಪೀಡಿಸುತ್ತಿದ್ದಾನಂತೆ. ಒಗಟು ಮನೆಮಾತಿನಲ್ಲಿ ಬರುವುದರಿಂದ ಮನೆಯವರೆಲ್ಲರೂ ಅದರಲ್ಲಿ ಪಾಲುಗೊಳ್ಳಬಹುದು. ಶಾಲೆಯ ಭಾಷೆ ಯಾವುದೇ ಇರಲಿ, ಅರ್ಧ, ಕಾಲು, ಮುಕ್ಕಾಲು ಎಂಬ ಮಾತುಗಳು ಮಗುವಿನ ಕಿವಿಗೆ ಅಡಿಗೆಮನೆಯಿಂದಲೇ ಬಿದ್ದಿರುತ್ತವೆ.

ಉತ್ತರವನ್ನು ತಡೆದಿಡುವ ಕಲೆ

ಒಗಟನ್ನು ಪಾಠದ ಸಾಧನವಾಗಿ ಬಳಸಬೇಕೆನ್ನುವ ಅಧ್ಯಾಪಕರಿಗೂ ತಂದೆತಾಯಿಗಳಿಗೂ ನಮ್ಮ ಅನುಭವದಿಂದ ಕೆಲವು ಸೂಚನೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಒಗಟು ಪಾಠದ ಕೊನೆಯ ಮಿಠಾಯಿಯಾಗಬಾರದು. ಪಾಠ ಮುಗಿದು ಹತ್ತು ನಿಮಿಷ ಉಳಿದಾಗ, ಬೇಗ ಮುಗಿಸಿದ ಜಾಣರಿಗೆ ಒಗಟು ಕೊಡುವ ರೂಢಿ ಉಂಟು. ಆಗ ಯಾವ ಮಗುವಿಗೆ ಅದು ಹೆಚ್ಚು ಬೇಕಾಗಿತ್ತೋ ಆ ಮಗುವಿಗೇ ಸಿಕ್ಕದೆ ಹೋಗುತ್ತದೆ. ಸೂತ್ರಕ್ಕಿಂತ ಮುಂಚೆ ಒಗಟು ಬಂದರೆ, ಸೂತ್ರ ಏತಕ್ಕೆ ಬೇಕೆಂಬುದು ಮಗುವಿಗೆ ತಿಳಿದಿರುತ್ತದೆ. ಹಸಿವಾದ ಮೇಲೆ ಊಟ ಬಡಿಸಿದಂತೆ.

ಎರಡನೆಯದು, ವೇಗಕ್ಕೆ ಬಹುಮಾನ ಬೇಡ. ಒಬ್ಬ ಚುರುಕಿನ ಹುಡುಗ ಉತ್ತರವನ್ನು ಕೂಗಿಬಿಟ್ಟರೆ ಉಳಿದವರ ಯೋಚನೆ ಅಲ್ಲಿಗೆ ನಿಂತಿತು. ನಮ್ಮಲ್ಲಿ ಉತ್ತರ ಹೊಳೆದವರು ಬಂದು ಕಿವಿಯಲ್ಲಿ ಹೇಳಬೇಕು, ಹೇಳಿದ ಮೇಲೆ ಅವರಿಗೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ: "ಕೊನೆಯ ಮಗುವಿಗೆ ಮೂರರ ಬದಲು ಐದು ಹಣ್ಣು ಉಳಿದಿದ್ದರೆ?" ಮೂವತ್ತು ಎಂದು ಹೇಳಿದವರಿಗೆ ಏಳು, ಒಂಬತ್ತು. ಯಾವುದೇ ಸಂಖ್ಯೆಯಾದರೂ ಆರರಷ್ಟು ಎಂಬ ನಿಯಮ ಅವರ ಬಾಯಿಂದಲೇ ಬರುತ್ತದೆ.

ಮೂರನೆಯದು, "ಎಷ್ಟು ಬಂತು?" ಎನ್ನುವುದಕ್ಕಿಂತ "ಹೇಗೆ ಬಂತು?" ಎಂದು ಕೇಳಬೇಕು. ತಪ್ಪು ಉತ್ತರ ತಂದ ಮಗುವಿಗೆ "ತಪ್ಪು" ಎನ್ನದೆ, "ಹಂಚಿ ನೋಡೋಣ" ಎಂದರೆ ಸಾಕು. ಬೀಜಗಳೇ ತಪ್ಪನ್ನು ತೋರಿಸುತ್ತವೆ. ಬೀಜಗಳ ಮುಂದೆ ಯಾರಿಗೂ ಅವಮಾನವಿಲ್ಲ.

ನಾಲ್ಕನೆಯದು, ಮಾತಿನ ಕುಚೋದ್ಯದ ಒಗಟುಗಳನ್ನು ಗಣಿತದ ಪಾಠಕ್ಕೆ ತರಬಾರದು. ಕೇಳುವವನನ್ನು ಮೋಸಗೊಳಿಸಿ ನಗುವ ಒಗಟುಗಳು ಹರಟೆಗೆ ಸೊಗಸು. ಮೊದಲೇ ಅಂಜಿರುವ ಮಗುವಿಗೆ ಅವು ಇನ್ನೊಂದು ಸೋಲು.

ಅಂಕಿಗಳೇ ಇಲ್ಲದ ಒಗಟುಗಳಿಗೂ ಇಲ್ಲಿ ಸ್ಥಾನವುಂಟು. ಹುಲಿ, ಮೇಕೆ, ಹುಲ್ಲಿನ ಹೊರೆ ಮೂರನ್ನೂ ಚಿಕ್ಕ ದೋಣಿಯಲ್ಲಿ ಒಂದೊಂದಾಗಿ ದಾಟಿಸುವ ಅಂಬಿಗನ ಕಥೆಯನ್ನು ಬಾಲ್ಯದಲ್ಲಿ ಕೇಳದವರು ವಿರಳ. ಯೂರೋಪಿನಲ್ಲಿ ಇದೇ ಒಗಟು ತೋಳ, ಮೇಕೆ, ಕೋಸುಗಡ್ಡೆಗಳ ರೂಪದಲ್ಲಿ, ೮೦೪ರಲ್ಲಿ ತೀರಿಕೊಂಡ ಆಲ್ಕ್ವಿನ್ ಎಂಬ ಪಂಡಿತನದೆಂದು ಹೇಳಲಾಗುವ ಗ್ರಂಥದಲ್ಲಿದೆ. ಎಳೆಯರ ಬುದ್ಧಿಯನ್ನು ಹರಿತಗೊಳಿಸುವುದಕ್ಕಾಗಿ ಎಂದೇ ಆ ಗ್ರಂಥದ ಹೆಸರು. ದಾಟಿಸಿದ ಮೇಕೆಯನ್ನು ಮತ್ತೆ ಹಿಂದಕ್ಕೆ ತರಬೇಕೆಂಬುದೇ ಅದರ ಕೀಲಿ. ಮುಂದಕ್ಕೆ ಹೋಗಲು ಒಮ್ಮೊಮ್ಮೆ ಹಿಂದಕ್ಕೆ ಬರಬೇಕು ಎಂಬುದನ್ನು ಆರು ವರ್ಷದ ಮಗುವಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ದೇವಲಾಲಿಯ ಮೇಷ್ಟರ ಸಂಖ್ಯೆ

ಹಾಗಾದರೆ ಅಭ್ಯಾಸ ಬೇಡವೇ, ಮಗ್ಗಿ ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಬೇಕು. ಮಗ್ಗಿ ಬಾರದ ಮಗು ಹಾರದ ಲೆಕ್ಕವನ್ನು ಹೇಗೆ ಮಾಡೀತು? ಆದರೆ ಅಭ್ಯಾಸವನ್ನೂ ಒಗಟಿನ ಮೂಲಕ ಮಾಡಿಸಬಹುದು. ನಾಸಿಕದ ಬಳಿಯ ದೇವಲಾಲಿಯಲ್ಲಿ ಶಾಲಾ ಅಧ್ಯಾಪಕರಾಗಿದ್ದ ದ. ರಾ. ಕಾಪ್ರೇಕರ್ ಅವರು ೧೯೪೯ರಲ್ಲಿ ಕಂಡುಹಿಡಿದ ೬೧೭೪ ಎಂಬ ಸಂಖ್ಯೆಯನ್ನು ನೋಡಿ.

ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದಲ್ಲಿ ಬರೆದುದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿರಿ. ಹೆಚ್ಚೆಂದರೆ ಏಳು ಸಲದೊಳಗೆ ೬೧೭೪ಕ್ಕೆ ಬಂದು ನಿಲ್ಲುತ್ತೀರಿ. ಕನ್ನಡ ನಾಡು ಒಂದಾದ ೧೯೫೬ನ್ನೇ ತೆಗೆದುಕೊಳ್ಳೋಣ: ೯೬೫೧ರಿಂದ ೧೫೬೯ ಕಳೆದರೆ ೮೦೮೨, ೮೮೨೦ರಿಂದ ೦೨೮೮ ಕಳೆದರೆ ೮೫೩೨, ೮೫೩೨ರಿಂದ ೨೩೫೮ ಕಳೆದರೆ ೬೧೭೪. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ೧೯೭೩ಕ್ಕೆ ಎಷ್ಟು ಹೆಜ್ಜೆ ಬೇಕೆಂದು ಮಕ್ಕಳೇ ನೋಡಲಿ. ಪುಸ್ತಕದ ಹತ್ತು ಕಳೆಯುವ ಲೆಕ್ಕಗಳಿಗೆ ಆಕಳಿಸುವ ಮಗು, ತಾನು ಹುಟ್ಟಿದ ವರ್ಷ, ಅಮ್ಮ ಹುಟ್ಟಿದ ವರ್ಷ ಎಂದು ಇಪ್ಪತ್ತು ವ್ಯವಕಲನಗಳನ್ನು ಯಾರ ಒತ್ತಾಯವೂ ಇಲ್ಲದೆ ಮಾಡಿಬಿಡುತ್ತದೆ. ೨೦೨೪ರಲ್ಲಿ ಹೊರಬಂದ ಎನ್‌ಸಿಇಆರ್‌ಟಿಯ ಆರನೆಯ ತರಗತಿಯ 'ಗಣಿತ ಪ್ರಕಾಶ' ಪುಸ್ತಕದಲ್ಲಿ ಈ ಸಂಖ್ಯೆಗೆ ಸ್ಥಾನ ದೊರೆತಿರುವುದು ಸಂತೋಷದ ಸಂಗತಿ.

ಮನೆಯವರಿಗೊಂದು ಬಿನ್ನಹ

ಪರೀಕ್ಷೆಯ ಭಾರ ನನಗೂ ಗೊತ್ತು. ಶಾಲೆಯಲ್ಲಿ ಪಾಠಗಳು ಮುಗಿಯಬೇಕು. ಅಧ್ಯಾಪಕರ ಕೈಯಲ್ಲಿರುವ ಹೊತ್ತು ಅಲ್ಪ. ಆದರೆ ವಾರಕ್ಕೊಂದು ಒಗಟು, ರಾತ್ರಿ ಊಟದ ಹೊತ್ತಿಗೆ, ಕನ್ನಡದಲ್ಲಿ. ಇಷ್ಟಕ್ಕೆ ಯಾವ ಮನೆಯಲ್ಲಿಯೂ ಸಮಯವಿಲ್ಲದೆ ಇಲ್ಲ. ಸೋಮವಾರ ಕೇಳಿದ ಒಗಟಿಗೆ ಗುರುವಾರ ಉತ್ತರ ಬಂದರೂ ಚಿಂತೆಯಿಲ್ಲ. ಆ ಮೂರು ದಿನ ಮಗು ಬಸ್ಸಿನಲ್ಲಿ, ಲೋಕಲ್ ಗಾಡಿಯಲ್ಲಿ, ಹಲ್ಲುಜ್ಜುವಾಗ ಅದನ್ನೇ ತಿರುವಿಹಾಕುತ್ತಿರುತ್ತದೆ. ಗಣಿತವೆಂದರೆ ಈ ತಿರುವಿಹಾಕುವಿಕೆಯೇ. ಉತ್ತರ ಅದರ ಕೊನೆಯಲ್ಲಿ ಬರುವ ಫಲ. ತಾನು ಒಂದು ಕಷ್ಟದ ವಿಷಯವನ್ನು ಮೂರು ದಿನ ಬಿಡದೆ ಹಿಡಿದು ಗೆದ್ದೆನೆಂದು ತಿಳಿದ ಮಗುವಿಗೆ "ನಿನ್ನ ತಲೆಗೆ ಗಣಿತ ಹತ್ತುವುದಿಲ್ಲ" ಎಂದು ಯಾರು ಹೇಳಿದರೂ ಅದು ನಂಬುವುದಿಲ್ಲ.

ಆರಂಭಕ್ಕೆ ನಮ್ಮ ಹಳ್ಳಿಗಳ ಕಡೆ ಕೇಳಿಬರುವ ಒಂದು ಒಗಟನ್ನು ಕೊಟ್ಟಿದ್ದೇನೆ.

ಒಬ್ಬ ಭಕ್ತ ಬುಟ್ಟಿಯಲ್ಲಿ ಒಂದಿಷ್ಟು ಹೂ ತೆಗೆದುಕೊಂಡು ಹೊರಟ. ದಾರಿಯಲ್ಲಿ ಮೂರು ಗುಡಿ. ಪ್ರತಿಯೊಂದು ಗುಡಿಯ ಮುಂದೆಯೂ ಒಂದೊಂದು ಕೊಳ. ಬುಟ್ಟಿಯನ್ನು ಕೊಳದಲ್ಲಿ ಅದ್ದಿದರೆ ಹೂಗಳು ಎರಡರಷ್ಟಾಗುತ್ತವೆ. ಪ್ರತಿ ಸಲವೂ ಅದ್ದಿ ಒಳಗೆ ಹೋಗಿ, ಮೂರು ಗುಡಿಗಳಲ್ಲಿಯೂ ಸಮಸಮನಾಗಿ ಹೂ ಏರಿಸಿದ. ಮೂರನೆಯ ಗುಡಿಯಿಂದ ಹೊರಬಂದಾಗ ಬುಟ್ಟಿ ಬರಿದಾಗಿತ್ತು. ಅವನು ಮನೆಯಿಂದ ತಂದ ಹೂಗಳು ಕಡಿಮೆಯೆಂದರೆ ಎಷ್ಟು? ಒಂದೊಂದು ಗುಡಿಯಲ್ಲಿ ಏರಿಸಿದ್ದೆಷ್ಟು?

ಮೂರೇ ಬೀಜಗಳಿಂದ ಆರಂಭಿಸಿದ ಹುಡುಗಿಯ ದಾರಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸಹಾಯವಾದೀತು. ಉತ್ತರವನ್ನು ಬೇಕೆಂದೇ ಇಲ್ಲಿ ಅಚ್ಚು ಹಾಕಿಸಿಲ್ಲ. ಅದು ಮುಂದಿನ ಸಂಚಿಕೆಯಲ್ಲಿ. ಅಲ್ಲಿಯವರೆಗೆ ಮಕ್ಕಳು ತಾವು ಬಿಡಿಸಿದ ಬಗೆಯನ್ನು ತಮ್ಮ ಕೈಬರಹದಲ್ಲಿ, ಕನ್ನಡ ಅಂಕಿಗಳಲ್ಲಿಯೇ ಬರೆದು ಸಂಘಕ್ಕೆ ಕಳುಹಿಸಲಿ. ಉತ್ತರಕ್ಕಿಂತ ದಾರಿಯನ್ನು ನೋಡಲು ನಮಗೆ ಹೆಚ್ಚು ಆಸೆ.